ಡಾಬಿನ ಬದಲು ಬಂದ ಟೆಲಿಫೋನ್ ಕಂಪನಿ

ನನ್ನ ಮದುವೆಯಲ್ಲಿ ಅಪ್ಪ ಚಿನ್ನದ ಡಾಬು ಕೊಡಲಿಲ್ಲ. ಸೊಂಟಕ್ಕೆ ಡಾಬಿಲ್ಲದೆ ಹುಡುಗಿಯನ್ನು ಧಾರೆ ಎರೆದು ಕೊಡುವ ಪದ್ಧತಿ ಪಾವಗಡದ ಕಡೆ ನಮ್ಮಂಥ ಅಂಗಡಿಯವರ ಮನೆಗಳಲ್ಲಿ ಇರಲಿಲ್ಲ. ಅವನು ಡಾಬಿನ ಬದಲು ಮದರಾಸಿನ ಒಂದು ದೊಡ್ಡ ಟೆಲಿಫೋನ್ ಕಂಪನಿಯ ಷೇರು ಕಾಗದಗಳ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ತಾಂಬೂಲದ ತಟ್ಟೆಯಲ್ಲಿಟ್ಟು ಬೀಗರ ಮುಂದೆ ಹಿಡಿದ. ಮಧುಗಿರಿಯಿಂದ ಬಂದಿದ್ದ ಬೀಗರು ಅದನ್ನು ಲಗ್ನಪತ್ರಿಕೆ ಅಂದುಕೊಂಡು ಪುರೋಹಿತರ ಕಡೆ ತಳ್ಳಿದರು. ಪುರೋಹಿತರು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟರು. ಡಾಬೆಲ್ಲಿ ಅಂತ ಅವತ್ತು ಯಾರೂ ಕೇಳಲಿಲ್ಲ. ಕೇಳಿದ್ದು ಆಮೇಲೆ, ನನ್ನನ್ನು.

ಅಪ್ಪ ಚಿಕ್ಕ ವಯಸ್ಸಿನಲ್ಲಿ ಮದರಾಸಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಆ ಮಂಡಿಯ ಸಾಹುಕಾರ ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ. ಅಂಥವನೂ ಟೆಲಿಫೋನಿಗೆ ಮಾತ್ರ ತಪ್ಪದೆ ದುಡ್ಡು ಕಟ್ಟಿ, ದಿನವಿಡೀ ಅದರೊಳಗೆ ಕೂಗಾಡುತ್ತಿದ್ದನಂತೆ. ಜಿಪುಣನ ದುಡ್ಡು ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ನಮ್ಮದೂ ಒಂದು ಪಾಲಿರಬೇಕು ಎಂದು ಅಪ್ಪನ ತಲೆಗೆ ಹೊಕ್ಕಿತು. ಬಟ್ಟೆ ಹರಿಯುತ್ತದೆ, ಕಡಲೆಕಾಯಿಗೆ ಹುಳ ಬೀಳುತ್ತದೆ, ಮಾತು ಮಾತ್ರ ಮಾರಿದಷ್ಟೂ ಮುಗಿಯುವುದಿಲ್ಲ ಎನ್ನುವುದು ಅವನ ವಾದ. ಲಾಭ ನಿಧಾನವಾಗಿ ಬರುತ್ತದೆ, ಆದರೆ ಮೊಮ್ಮಕ್ಕಳವರೆಗೂ ಬರುತ್ತದೆ ಅಂತ ನನಗೆ ಹೇಳಿ ಕಳಿಸಿದ. ನಾನು ನಂಬಿದೆ. ನಂಬದೆ ಏನು ಮಾಡಲಿ, ಟೆಲಿಫೋನನ್ನು ನಾನು ಕಣ್ಣಲ್ಲೂ ಕಂಡಿರಲಿಲ್ಲ.

ವರ್ಷಕ್ಕೊಮ್ಮೆ ಮದರಾಸಿನಿಂದ ಲಾಭದ ಪಾಲು ಬರುತ್ತಿತ್ತು. ಮೊದಲ ಸಲ ಅತ್ತೆ ಅಂಚೆಯವನನ್ನು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಬಂದ ದುಡ್ಡಿಗೆ ಒಂದು ಸಾಧಾರಣ ಸೀರೆ ಬಂದರೆ ಹೆಚ್ಚು ಅಂತ ಗೊತ್ತಾದ ಮೇಲೆ, ಮಾರನೆಯ ವರ್ಷದಿಂದ ಅವನಿಗೆ ಬರೀ ನೀರು. ಗೌರಿ ಹಬ್ಬಕ್ಕೆ ಬಂದ ಹೆಂಗಸರೆಲ್ಲ ನನ್ನ ಸೊಂಟ ನೋಡಿ ಮುಖ ಮುಖ ನೋಡಿಕೊಂಡಾಗ ಅತ್ತೆ ಅವರೆದುರಿಗೇ ಅಂದುಬಿಟ್ಟರು.

"ನಿಮ್ಮಪ್ಪಾರು ಸೊಂಟಕ್ಕೆ ಕಾಗ್ದ ಸುತ್ತಿ ಕಳಿಸವ್ರೆ ಕಣಮ್ಮ. ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತಾರೆ. ಅಂಥಾ ಮಾತನ್ನ ಮಾರಕ್ಕೋದೋರಿಗೆ ಇನ್ನೇನು ಗಿಟ್ಟೀತು?"

ಅತ್ತೆಯ ಮೇಲೆ ನನಗೆ ಸಿಟ್ಟು ಬಂತು, ನಿಜ. ಆದರೆ ನನ್ನನ್ನು ಕೊರೆದದ್ದು ಬೇರೆ. ಅಪ್ಪ ಆ ಕಾಗದವನ್ನು ನಂಬಿ ಕೊಟ್ಟನೋ, ಇಲ್ಲ ಹೆಣ್ಣುಮಗಳಿಗೆ ಇಷ್ಟು ಸಾಕು ಅಂತ ಕೈ ತೊಳೆದುಕೊಂಡನೋ? ಎಷ್ಟಕ್ಕೆ ಕೊಂಡ ಅಂತ ಅವನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಅಷ್ಟು ದೊಡ್ಡ ಕಂಪನಿಗೆ ನ್ಯಾಯವಾಗಿ ಬರಬೇಕಾದ ಲಾಭ ಇಷ್ಟೇಯೋ, ಇನ್ನೂ ಹೆಚ್ಚು ಬರಬೇಕಿತ್ತೋ, ಅದು ತಿಳಿದರೆ ಅಪ್ಪನ ಮನಸ್ಸೂ ತಿಳಿದೀತು ಎಂದು ನಾನು ಹಟ ಹಿಡಿದೆ. ಅದ್ಯಾವ ಲೆಕ್ಕವೋ, ಈಗ ನನಗೇ ಅರ್ಥವಾಗುವುದಿಲ್ಲ.

ನಮ್ಮ ಯಜಮಾನರು ಹುಣಸೆಹಣ್ಣಿನ ವ್ಯಾಪಾರಿ. ವ್ಯಾಪಾರ ದೊಡ್ಡದಾದಷ್ಟೂ ಲಾಭ ಹೆಚ್ಚು, ಇಲ್ಲದಿದ್ದರೆ ಮಧ್ಯೆ ಯಾರೋ ನುಂಗುತ್ತಿದ್ದಾರೆ ಎನ್ನುವುದು ಅವರ ತೀರ್ಮಾನ. ಅವರಿಂದ ಹಣ್ಣು ಕೊಂಡು ಮದರಾಸಿಗೆ ಸಾಗಿಸುತ್ತಿದ್ದ ಶಿರಾದ ಸಾಹೇಬರೊಬ್ಬರಿದ್ದರು. ಟೆಲಿಫೋನ್ ಜೋಡಿಸುವ ಕಟ್ಟಡವನ್ನು ಅವರು ಒಳಗೆ ಹೋಗಿ ನೋಡಿದ್ದರು. ಅವರು ಹೇಳಿದ್ದು ತೀರಾ ತಿರುಗುಮುರುಗು. ಹತ್ತು ಮನೆಗೆ ತಂತಿ ಇದ್ದಾಗ ಜೋಡಿಸುವುದಕ್ಕೆ ಒಬ್ಬಳು ಸಾಕು. ಊರಿಗೆಲ್ಲ ತಂತಿ ಆದರೆ ಪ್ರತಿಯೊಬ್ಬರನ್ನೂ ಉಳಿದ ಎಲ್ಲರಿಗೂ ಜೋಡಿಸಬೇಕು, ತಂತಿ ಸಿಕ್ಕಿಸುವ ಗೋಡೆಯುದ್ದದ ಹಲಗೆ ಬೇಕು, ಅದರ ಮುಂದೆ ಸಾಲಾಗಿ ಹೆಂಗಸರು ಬೇಕು. ಗಿರಾಕಿ ಹೆಚ್ಚಿದಷ್ಟೂ ಖರ್ಚು ಅದಕ್ಕಿಂತ ಜೋರಾಗಿ ಹೆಚ್ಚುತ್ತದಂತೆ.

"ಅದ್ರ ಮ್ಯಾಗೆ, ಇಷ್ಟಕ್ಕಿಂತ ಜಾಸ್ತಿ ವಸೂಲಿ ಮಾಡಬ್ಯಾಡಿ ಅಂತ ಸರ್ಕಾರ ಕೈ ಕಟ್ಟೈತಮ್ಮ. ನಫಾ ಎಲ್ಲಿಂದ ಬರ್ಬೇಕು?" ಅಂದರು.

ಹಾಗಾದರೆ ಬರಬೇಕಾದಷ್ಟು ಬರುತ್ತಿದೆಯೋ ಇಲ್ಲವೋ ಅಂತ ಬಾಗಿಲ ಮರೆಯಿಂದ ಕೇಳಿದೆ. ಸಾಹೇಬರು ಗಡ್ಡ ನೀವಿಕೊಂಡು, ಬರುತ್ತಿದೆ ಅಂತಲೂ ಹೇಳಬಹುದು, ಇಲ್ಲ ಅಂತಲೂ ಹೇಳಬಹುದು ಅಂದು ಎದ್ದು ಹೋದರು. ನನಗಂತೂ ತಲೆ ಕೆಟ್ಟುಹೋಯಿತು. ಬಾವಿಗೆ ಜನ ಹೆಚ್ಚಾದರೆ ನೀರು ಕಮ್ಮಿ. ಅಂಗಡಿಗೆ ಜನ ಹೆಚ್ಚಾದರೆ ಲಾಭ ಹೆಚ್ಚು. ಅಪ್ಪ ನನಗೆ ಕೊಟ್ಟದ್ದು ಬಾವಿಯೋ ಅಂಗಡಿಯೋ ಅಂತ ಮುದ್ದೆಗೆ ಹಿಟ್ಟು ತೊಳಸುವಾಗಲೂ ಅದೇ ಯೋಚನೆ.

ಯುದ್ಧದ ಕಾಲದಲ್ಲಿ ಆ ಕಂಪನಿಯನ್ನು ಸರ್ಕಾರವೇ ವಹಿಸಿಕೊಂಡಿತು. ಷೇರುಗಳ ಬಾಬ್ತು ದುಡ್ಡು ಬಂತು, ಕಾಗದಗಳು ಹೋದವು. ಅಷ್ಟು ಚೆನ್ನಾಗಿ ಗಿಟ್ಟದ ಕಂಪನಿಯಾದರೆ ಸರ್ಕಾರಕ್ಕೇಕೆ ಬೇಕಿತ್ತು, ಗಿಟ್ಟುವ ಕಂಪನಿಯಾದರೆ ಅದರ ಯಜಮಾನರೇಕೆ ಬಿಟ್ಟುಕೊಟ್ಟರು, ಇದನ್ನೂ ಯಾರೂ ನನಗೆ ತಿಳಿಯಹೇಳಲಿಲ್ಲ. ಚಿನ್ನ ಆಗ ಮುಗಿಲಿಗೇರಿತ್ತು. ಬಂದ ದುಡ್ಡಿಗೆ ಅತ್ತೆಯೇ ಅಕ್ಕಸಾಲಿಯನ್ನು ಕರೆಸಿ ನನಗೊಂದು ಬೆಳ್ಳಿ ಡಾಬು ಮಾಡಿಸಿದರು. ಮಾತು ಬೆಳ್ಳಿ ಅಂತ ಗಾದೆಯೇ ಇದೆಯಲ್ಲ ಅಂತ ಕೊಂಕು ತೆಗೆದರೂ ಕೊಂಡಿಯನ್ನು ತಾವೇ ಹಾಕಿದರು.

ಅಪ್ಪ ಅಷ್ಟರಲ್ಲಿ ಬೆಂಗಳೂರಿನಲ್ಲಿ ಅಣ್ಣನ ಮನೆ ಸೇರಿದ್ದ. ಕಣ್ಣಿನ ಆಪರೇಷನ್ ಆಗಿತ್ತು. ಕಂಪನಿ ಹೋದ ಸುದ್ದಿ ಅವನಿಗೆ ಹೇಳಿಲ್ಲ, ನೀನೂ ಹೇಳಬೇಡ, ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ ಅಂತ ಅಣ್ಣ ಬರೆದ. ಇಂಥ ದಿನ ನಾನು ತುಮಕೂರಿಗೆ ಬಂದು ಟೆಲಿಫೋನ್ ಮಾಡಿದರೆ, ಬೆಂಗಳೂರಿನ ತನ್ನ ಆಫೀಸಿನ ಟೆಲಿಫೋನಿನಲ್ಲಿ ಅಪ್ಪನನ್ನು ಮಾತಾಡಿಸುವುದಾಗಿಯೂ ಬರೆದಿದ್ದ. ಈ ಸಲ ಕೇಳಿಯೇ ಬಿಡುವುದು ಅಂತ ತೀರ್ಮಾನಿಸಿದೆ. ಷೇರಿನ ಗತಿ ಹೇಳದಿದ್ದರೆ ಆಯಿತು. ನಂಬಿ ಕೊಟ್ಟೆಯಾ, ಕೈ ತೊಳೆದುಕೊಳ್ಳೋಕೆ ಕೊಟ್ಟೆಯಾ, ಅಷ್ಟೇ ಪ್ರಶ್ನೆ. ಕೊರಟಗೆರೆಯಲ್ಲಿ ಪೆಟ್ರೋಲಿಲ್ಲದ ಕಾಲದ ಬಸ್ಸು ಇದ್ದಿಲು ತುಂಬಿಸಿಕೊಳ್ಳಲು ನಿಂತಾಗ ಅದನ್ನೇ ಬಾಯಿಪಾಠ ಮಾಡಿದೆ.

ತುಮಕೂರಿನ ಟೆಲಿಫೋನ್ ಕಚೇರಿಯಲ್ಲಿ ಯಜಮಾನರು ಮೂರು ನಿಮಿಷಕ್ಕೆ ದುಡ್ಡು ಕಟ್ಟಿದರು. ಕುರ್ಚಿ ಇತ್ತು, ಆದರೆ ಅಪ್ಪನ ದನಿ ಕೇಳಿದ್ದೇ ನಾನು ಎದ್ದು ನಿಂತು ತಲೆ ಮೇಲೆ ಸೆರಗು ಹೊದ್ದೆ.

"ಏಮಮ್ಮಾ, ಬಾಗುನ್ನಾವಾ? ಊಟ ಆಯ್ತಾ?"

ಚೆನ್ನಾಗಿದ್ದೀಯಾ ಅಂತ ನಮ್ಮ ಪಾವಗಡದ ತೆಲುಗಿನಲ್ಲೇ ಶುರುಮಾಡಿದ. ಊಟ ಆಯಿತು ಅಂದೆ. ನಿನ್ನದಾಯಿತಾ ಅಂದೆ. ಅತ್ತೆಯವರು ಹೇಗಿದ್ದಾರೆ, ಅಳಿಯಂದಿರು, ಮಕ್ಕಳು, ಮಧುಗಿರಿಯಲ್ಲಿ ಮಳೆ, ಮನೆಯ ಎಮ್ಮೆ, ಎಲ್ಲವನ್ನೂ ಕೇಳಿದ. ನಾನೂ ಅವನ ಕಣ್ಣು, ಅಣ್ಣ, ಅತ್ತಿಗೆ, ಅವರ ಮಕ್ಕಳನ್ನು ಕೇಳಿದೆ. ಕ್ಷೇಮ ಸಮಾಚಾರ ಮುಗಿಯದೆ ಹಿರಿಯರ ಮುಂದೆ ವಿಷಯ ತೆಗೆಯುವುದುಂಟೇ? ಎಮ್ಮೆ ಗಬ್ಬ ನಿಂತಿದೆಯಾ ಅಂತ ಅವನು ಕೇಳುವಾಗ ಮೂರು ನಿಮಿಷ ತೀರಿತು. ಯಜಮಾನರು ಗೊಣಗದೆ ಇನ್ನೊಂದು ಸಲಕ್ಕೆ ದುಡ್ಡು ಕೊಟ್ಟರು. ಹೀಗೆ ದುಡ್ಡು ಸುರಿಯುವ ನಮ್ಮಂಥವರು ಊರೂರಲ್ಲಿ ಇರುವಾಗ ಆ ಕಂಪನಿಗೆ ಲಾಭ ಯಾಕೆ ಸಾಲಲಿಲ್ಲವೋ ದೇವರಿಗೇ ಗೊತ್ತು.

ನಾನು ಪ್ರಶ್ನೆಗೆ ಬಾಯಿ ತೆರೆದೆ. ಅಪ್ಪನೇ ಮುಂದಾದ.

"ಅಮ್ಮಾ, ಆ ಕಂಪ್ನಿ ಹೆಂಗೈತೆ? ಲಾಭ ಬರ್ತಾ ಐತಾ?"

ಇಷ್ಟು ಹೊತ್ತೂ ಅವನೂ ನನ್ನ ಹಾಗೆಯೇ ಒಂದು ಪ್ರಶ್ನೆ ಹಿಡಿದುಕೊಂಡು ಕಾದಿದ್ದ.

"ಬರ್ತಾ ಐತಪ್ಪಾ. ಚೆನ್ನಾಗಿ ಬರ್ತಾ ಐತೆ."

ಆ ಕಡೆ ಅವನು ಉಸಿರು ಬಿಟ್ಟದ್ದು ನನ್ನ ಕಿವಿಗೆ ಕೇಳಿಸಿತು.

"ಅಂಗಾದ್ರೆ ಅದ್ರಲ್ಲಿ ಒಂದು ಡಾಬು ಮಾಡಿಸ್ಕೋಮ್ಮಾ. ಬರೀ ಸೊಂಟದಲ್ಲಿ ಕಳಿಸ್ಬುಟ್ಟೆ ನಿನ್ನ."

ಸೆರಗಿನೊಳಗೆ ಕೈಯಿಟ್ಟು ಬೆಳ್ಳಿ ಡಾಬನ್ನು ಮುಟ್ಟಿಕೊಂಡೆ. ಸೊಂಟದಲ್ಲೇ ಐತಪ್ಪಾ ಅಂದೆ. ಅಷ್ಟರಲ್ಲಿ ಎರಡನೆಯ ಮೂರು ನಿಮಿಷವೂ ತೀರಿ, ಆ ಕಡೆ ಯಾರೂ ಇರಲಿಲ್ಲ.