ಬಟ್ಟೆಯ ಅಕ್ಷರಗಳು

ಕಮಲಾಕ್ಷಿ ಟೀಚರಿಗೆ ಮರೆವಿನ ಕಾಯಿಲೆ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಇದೆಯೆಂದು ಅವರನ್ನೂ ಅವರ ಮನೆಯವರನ್ನೂ ನಂಬಿಸಿದವಳು ನಾನು — ಗೊತ್ತಿದ್ದೂ, ನನ್ನದೊಂದು ಪ್ರಬಂಧವನ್ನು ಉಳಿಸಿಕೊಳ್ಳುವುದಕ್ಕೆ. ನಾನು ನರರೋಗ ವೈದ್ಯೆ. ನೆನಪು, ಮರೆವು ಎಂದರೆ ಜನ ನನ್ನ ಬಾಯನ್ನೇ ನೋಡುತ್ತಾರೆ. ಅದನ್ನೇ ಬಳಸಿಕೊಂಡೆ.

ಇಷ್ಟು ಬರೆಯುವುದಕ್ಕೆ ಎಷ್ಟು ಹಾಳೆ ಹರಿದುಹಾಕಿದೆನೋ. ಪ್ರತಿ ಸಲವೂ ಪೆನ್ನು 'ಆಗಿನ ನನ್ನ ಪರಿಸ್ಥಿತಿಯಲ್ಲಿ' ಎಂದು ಶುರುಮಾಡುತ್ತದೆ. ಪರಿಸ್ಥಿತಿಯಂತೆ, ಮಣ್ಣಂತೆ! ಕೈತುಂಬ ಕೆಲಸವಿತ್ತು, ದಿಲ್ಲಿಯ ಮಯೂರ್ ವಿಹಾರದಲ್ಲಿ ಸ್ವಂತ ಫ್ಲ್ಯಾಟು ಇತ್ತು, ಯಾರೂ ನನ್ನ ಕತ್ತಿನ ಮೇಲೆ ಕೂತಿರಲಿಲ್ಲ.

ಆಸ್ಪತ್ರೆಯಲ್ಲಿ ಬೆಳಗಿನಿಂದ ಪಾರ್ಶ್ವವಾಯು, ಫಿಟ್ಸ್, ತಲೆನೋವು — ಇವೇ. ಇದರ ನಡುವೆ ನನಗೊಂದು ಹುಚ್ಚು, ಸಿನೆಸ್ತೇಸಿಯಾ. ಕೆಲವರಿಗೆ ಒಂದು ಇಂದ್ರಿಯಕ್ಕೆ ತಾಕಿದ್ದು ಇನ್ನೊಂದರಲ್ಲೂ ಏಳುತ್ತದೆ. ಹೆಸರು ಕೇಳಿದರೆ ನಾಲಿಗೆಗೆ ರುಚಿ ಬರುತ್ತದೆ, ಅಕ್ಷರ ನೋಡಿದರೆ ಬಣ್ಣ ಕಾಣುತ್ತದೆ. ಅದು ಕಾಯಿಲೆಯಲ್ಲ, ಅದಕ್ಕೆ ಔಷಧವೂ ಬೇಡ. ಔಷಧ ಬೇಡವೆಂದ ಮೇಲೆ ನಮ್ಮವರಿಗೆ ಅದರಲ್ಲಿ ಆಸಕ್ತಿಯೂ ಇಲ್ಲ. ಮೇಡಂಗೆ ಪುರುಸೊತ್ತು ಜಾಸ್ತಿ ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ವರ್ಷಗಟ್ಟಲೆ ನಕ್ಕರು. ಅವರ ಬಾಯಿ ಮುಚ್ಚಿಸಬೇಕೆಂಬ ಹಟ ನನಗೆ ಎಷ್ಟಿತ್ತೆಂದರೆ — ಬೇಡ, ಇದೂ ಮತ್ತೆ ಪರಿಸ್ಥಿತಿಯ ಕತೆಯೇ ಆಗುತ್ತದೆ.

ಆಗ ನನಗೆ ಸಿಕ್ಕಿದವಳು ನೇಹಾ. ಒಂಬತ್ತು ವರ್ಷದ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದ ಕನ್ನಡಿಗರು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಮಗು. ಕನ್ನಡ ಓದಲು ಬರೆಯಲು ಕಲಿತದ್ದು ಐದನೇ ವಯಸ್ಸಿನಲ್ಲಿ, ಭಾನುವಾರದ ಕನ್ನಡ ತರಗತಿಯಲ್ಲಿ. ಅವಳಿಗೆ ಕನ್ನಡದ ಅಕ್ಷರಗಳು ಮಾತ್ರ ಬಣ್ಣಬಣ್ಣವಾಗಿ ಕಾಣುತ್ತಿದ್ದವು. ಕ ಖ ಗ ಘ ಎಲ್ಲ ಕೆಂಪು. ಚ ಛ ಜ ಝ ಹಸಿರು. ಟ ಸಾಲು ಹಳದಿ, ಪ ಸಾಲು ನೀಲಿ. ಎಂಟು ತಿಂಗಳು ಬಿಟ್ಟು, ಮೊದಲೇ ತಿಳಿಸದೆ, ಮತ್ತೆ ಕೇಳಿದೆ. ಬಣ್ಣ ಕಟ್ಟಿ ಹೇಳುವವರು ಅಲ್ಲೇ ಸಿಕ್ಕಿಬೀಳುತ್ತಾರೆ. ಇವಳು ಒಂದೂ ತಪ್ಪಲಿಲ್ಲ.

ಕ ಸಾಲು ಹುಟ್ಟುವುದು ಗಂಟಲಲ್ಲಿ, ಪ ಸಾಲು ತುಟಿಯಲ್ಲಿ. ಅಂದರೆ ಧ್ವನಿ ಬಾಯಲ್ಲಿ ಎಲ್ಲಿ ಹುಟ್ಟುತ್ತದೋ ಅದಕ್ಕೆ ತಕ್ಕಂತೆ ಮಿದುಳು ತಾನೇ ಬಣ್ಣ ಹಚ್ಚುತ್ತದೆ — ನಾನು ಕುಣಿದಾಡಿಬಿಟ್ಟೆ. ಒಂದೇ ಒಂದು ತೊಡಕಿತ್ತು. ಮ ಅಕ್ಷರ ನೀಲಿಯಲ್ಲ, ಗೆರೆಗೆರೆ ಎಂದಳು ನೇಹಾ. ಬಿಳಿಯ ಮೇಲೆ ಬೂದು ಗೆರೆ. ಅದಕ್ಕೂ ಕಾರಣ ಹುಡುಕಿದೆ. ಮ ಎನ್ನುವಾಗ ಉಸಿರು ಮೂಗಿನಿಂದಲೂ ಬರುತ್ತದೆ, ಆದ್ದರಿಂದ ಎರಡು ಬಣ್ಣ ಎಂದು ಬರೆದೆ. ಹಾಗಾದರೆ ನ ಯಾಕೆ ಗೆರೆಗೆರೆ ಇಲ್ಲ ಎಂದು ಯಾವ ಮಹಾನುಭಾವರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಮನೆಯಲ್ಲಿ ಬಣ್ಣದ ಅಕ್ಷರದ ಪುಸ್ತಕ ಇತ್ತೇ ಎಂದು ಅವಳ ಅಮ್ಮನನ್ನು ಕೇಳಿದೆ, ಇಲ್ಲವೆಂದರು, ಮುಗಿಯಿತು. ಅಕ್ಷರ ಕಲಿಸಿದ ಟೀಚರನ್ನು ಹೋಗಿ ಕೇಳಬೇಕೆಂದು ಹೊಳೆಯಲಿಲ್ಲ. ಅವರ ಮನೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ! ಇದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನ್ನಿಸುತ್ತದೆ.

ಪ್ರಬಂಧ ಅಚ್ಚಾಯಿತು. ಹೊರದೇಶದಿಂದ ಕರೆ ಬಂತು, ಪತ್ರಿಕೆಯವರು ಬಂದರು, ನಗುವವರು ಸುಮ್ಮನಾದರು. ನಮ್ಮ ಕನ್ನಡದವರೆಲ್ಲ ಸೇರಿ ಮಯೂರ್ ವಿಹಾರದ ಸೊಸೈಟಿ ಹಾಲಿನಲ್ಲಿ ನನಗೆ ಶಾಲು ಹೊದಿಸಿದರು. ಭಾಷಣ ಮುಗಿದು ಎಲ್ಲರೂ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ ಕಮಲಾಕ್ಷಿ ಟೀಚರು ಒಂದು ಚೀಲ ಹಿಡಿದುಕೊಂಡು ಬಂದರು. ಭಾನುವಾರದ ತರಗತಿ ನಡೆಸುತ್ತಿದ್ದವರು ಅವರೇ. ಆಗ ಅರವತ್ತೊಂದು ವಯಸ್ಸು. ತೀರಿಹೋಗಿದ್ದ ಅವರ ಯಜಮಾನರು ಓಖ್ಲಾದಲ್ಲಿ ಬಟ್ಟೆ ಹೊಲಿದು ಹೊರದೇಶಕ್ಕೆ ಕಳಿಸುವ ಒಂದು ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುತ್ತಿದ್ದರಂತೆ. ಕತ್ತರಿಸಿ ಉಳಿದ ಚೂರು ಬಟ್ಟೆಯನ್ನು — ಇಲ್ಲಿ ಕತ್ರನ್ ಎನ್ನುತ್ತಾರೆ — ಮನೆಗೆ ತರುತ್ತಿದ್ದರಂತೆ. ಟೀಚರು ಚೀಲವನ್ನು ಮೇಜಿನ ಮೇಲೆ ಸುರಿದರು. ಅಂಗೈಯಗಲದ ಬಟ್ಟೆಯ ಅಕ್ಷರಗಳು. ಕ ಸಾಲು ಕೆಂಪು. ಚ ಸಾಲು ಹಸಿರು.

"ನೇಹಾ ಇವನ್ನೇ ಮುಟ್ಟಿ ಮುಟ್ಟಿ ಕಲಿತಿದ್ದು ಡಾಕ್ಟ್ರೇ" ಎಂದರು. ಮುಖದ ತುಂಬ ನಗು. "ಆ ವಾರ ಯಾವ ಬಣ್ಣದ ಕತ್ರನ್ ಬರ್ತಿತ್ತೋ ಅದರಲ್ಲಿ ಒಂದು ಸಾಲು ಕತ್ತರಿಸ್ತಿದ್ದೆ. ಮ ಬರೋ ಹೊತ್ತಿಗೆ ನೀಲಿ ಮುಗಿದುಹೋಯ್ತು, ಶರ್ಟಿನ ಬಟ್ಟೆ ಹಾಕಿದೆ."

ಬಿಳಿಯ ಮೇಲೆ ಬೂದು ಗೆರೆ. ಮಿದುಳೂ ಇಲ್ಲ, ಗಂಟಲೂ ಇಲ್ಲ, ಮೂಗೂ ಇಲ್ಲ — ಓಖ್ಲಾದ ಕಾರ್ಖಾನೆಗೆ ಆ ವಾರ ಯಾವ ಬಟ್ಟೆ ಬಂದಿತ್ತೋ ಅದೇ ನನ್ನ ಸಿದ್ಧಾಂತ. ಟೀಚರು ನನ್ನನ್ನು ಹಿಡಿದುಹಾಕಲು ಬಂದಿರಲಿಲ್ಲ. ತಾನು ಮಾಡಿದ್ದು ಡಾಕ್ಟರ ಸಂಶೋಧನೆಗೆ ಉಪಯೋಗಕ್ಕೆ ಬಂತಲ್ಲ ಎಂಬ ಖುಷಿಯಲ್ಲಿ ಬಂದಿದ್ದರು. ಅಯ್ಯೋ, ಆ ನಿಜವನ್ನೇ ಬರೆದಿದ್ದರೂ ಚೆಂದದ ಪ್ರಬಂಧವಾಗುತ್ತಿತ್ತು! ಮಗುವಿನ ಬೆರಳು ಮುಟ್ಟಿದ ಬಣ್ಣ ಜೀವಮಾನವಿಡೀ ಕಣ್ಣಲ್ಲಿ ನಿಲ್ಲುತ್ತದೆಂದು ಬರೆಯಬಹುದಿತ್ತು. ಅಷ್ಟೂ ತೋಚದ ಗೂಬೆ ನಾನು. ಪಕ್ಕದಲ್ಲಿ ನೇಹಾಳ ಅಮ್ಮ ಇದ್ದರು, ಟೀಚರ ಮಗ ರಘು ಇದ್ದ, ಇನ್ನೂ ಏಳೆಂಟು ಜನ. ನಾನು ನನ್ನ ಡಾಕ್ಟರ ದನಿಯಲ್ಲಿ, ತುಂಬ ಮೃದುವಾಗಿ ಹೇಳಿದೆ:

"ಇವು ನೇಹಾ ಕಲಿತ ಮೇಲೆ ಮಾಡಿದ್ದು ಟೀಚರ್. ನಿಮಗೆ ಮರೆವು ಶುರುವಾದ ಹಾಗಿದೆ. ಒಂದ್ಸಲ ಬಂದು ತೋರಿಸ್ಕೊಳ್ಳಿ."

ಇಲ್ಲ ಡಾಕ್ಟ್ರೇ, ನಾನೇ ಅವಳ ಕೈ ಹಿಡಿದು — ಎಂದು ಟೀಚರು ಶುರುಮಾಡಿದರು. ನೇಹಾಳ ಅಮ್ಮನ ಮುಖ ನೋಡಿದರು. ಆಕೆಗೆ ಏನೂ ನೆನಪಿರಲಿಲ್ಲ, ಡಾಕ್ಟರೇ ಹೇಳುತ್ತಿದ್ದಾರಲ್ಲ ಎಂದುಬಿಟ್ಟರು. ಆಗ ತರಗತಿಯಲ್ಲಿದ್ದ ಬೇರೆ ಮಕ್ಕಳ ಅಪ್ಪಂದಿರಿಗೆ ಎಂದೋ ಊರೂರಿಗೆ ವರ್ಗವಾಗಿತ್ತು. ನೇಹಾಳನ್ನು, ಮಗುವೆಂದು, ಯಾರೂ ಕೇಳಲಿಲ್ಲ. ಸಾಕ್ಷಿ ಹೇಳುವವರು ಬೇರೆ ಯಾರೂ ಇರಲಿಲ್ಲ. ಟೀಚರು ಅಕ್ಷರಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು.

ಅಲ್ಲಿಗೆ ನಿಂತಿದ್ದರೂ ಒಂದು ಮಾತು. ಆ ವಾರವೇ ರಘು ಅಮ್ಮನನ್ನು ಆಸ್ಪತ್ರೆಗೆ ಕರೆತಂದ. ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ, ಐದನ್ನೂ ಹೇಳಿದರು. ಗಡಿಯಾರ ಬರೆದರು. ನೂರರಿಂದ ಏಳೇಳು ಕಳೆದರು, ನನಗಿಂತ ಚುರುಕಾಗಿ. ನಾನು ಚೀಟಿಯಲ್ಲಿ ಬರೆದದ್ದು: ಮರೆವಿನ ದೂರು, ಸದ್ಯಕ್ಕೆ ಸೌಮ್ಯ, ಆರು ತಿಂಗಳ ನಂತರ ಮತ್ತೆ ನೋಡುವುದು. ಜೊತೆಗೊಂದು ವಿಟಮಿನ್ ಮಾತ್ರೆ. ನಮ್ಮ ಕಸುಬಿನಲ್ಲಿ ಇಂಥ ವಾಕ್ಯ ಬರೆಯುವುದು ಬಲು ಸುಲಭ, ಯಾರೂ ಬಂದು ಸುಳ್ಳೆನ್ನುವ ಹಾಗಿಲ್ಲ.

ಉಳಿದದ್ದನ್ನು ಮನೆಯವರು ಮಾಡಿದರು, ಪ್ರೀತಿಯಿಂದಲೇ. ಮೊದಲು ಭಾನುವಾರದ ತರಗತಿ ನಿಲ್ಲಿಸಿದರು. ಆಮೇಲೆ ಒಬ್ಬರೇ ಮೆಟ್ರೋ ಹತ್ತಬೇಡಿ ಎಂದರು. ಆಮೇಲೆ ಗ್ಯಾಸ್ ಹಚ್ಚಬೇಡಿ ಎಂದರು. ಸೊಸೆ ದಿಲ್ಲಿಯವಳು, ಒಳ್ಳೆಯ ಹುಡುಗಿ. ಅತ್ತೆ ಏನು ಹೇಳಿದರೂ "ಅಚ್ಛಾ ಮಮ್ಮೀಜಿ" ಎಂದು, ಆಮೇಲೆ ಗಂಡನಿಗೆ ಫೋನ್ ಮಾಡಿ ನಿಜವೇ ಎಂದು ಕೇಳುತ್ತಿದ್ದಳಂತೆ. ಇದೆಲ್ಲ ನನಗೆ ಹೇಗೆ ಗೊತ್ತು? ಆರು ತಿಂಗಳಿಗೊಮ್ಮೆ ನನ್ನೆದುರೇ ಕೂತು ಹೇಳುತ್ತಿದ್ದರು. ಹನ್ನೊಂದು ವರ್ಷ. ಪ್ರತಿ ಸಲವೂ ಐದು ಪದ, ಪ್ರತಿ ಸಲವೂ ಐದಕ್ಕೆ ಐದು. ಪ್ರತಿ ಸಲವೂ ನಾನು 'ಮೊದಲಿನಂತೆಯೇ ಇದೆ' ಎಂದು ಬರೆದೆ. ಅದೇ ಕೈಯಲ್ಲಿ, ಬಣ್ಣ ಕಾಣುವ ಮಕ್ಕಳ ತಾಯಂದಿರಿಗೆ 'ನಿಮ್ಮ ಮಗು ಹೇಳುವುದನ್ನು ನಂಬಿ' ಎಂದೂ ಬರೆದುಕೊಡುತ್ತಿದ್ದೆ. ವೇದಿಕೆ ಹತ್ತಿ ಇದನ್ನೇ ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುತ್ತಿದ್ದೆ. ನಾಚಿಕೆಗೇಡು.

ಕಳೆದ ತಿಂಗಳು ಬಂದಾಗ ಟೀಚರು ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ದಿನವೂ ಎದ್ದದ್ದು, ತಿಂದದ್ದು, ಯಾರ ಜೊತೆ ಏನು ಮಾತಾಡಿದ್ದು, ಎಲ್ಲ ಬರೆದಿಡುತ್ತಾರಂತೆ. ಇಂಥ ಪುಸ್ತಕಗಳು ಮನೆಯಲ್ಲಿ ಒಂದು ಟ್ರಂಕಿನ ತುಂಬ ಇವೆಯಂತೆ. ಯಾಕೆ ಟೀಚರ್ ಎಂದೆ.

"ಯಾರ ಮುಂದೂ ಇಲ್ಲದ್ದು ಹೇಳಬಾರದಲ್ಲ ಡಾಕ್ಟ್ರೇ. ಅವತ್ತು ಹಾಲಲ್ಲಿ ಎಲ್ಲರೆದುರಿಗೆ ನಿಮಗೆ ಮುಜುಗರ ಮಾಡಿಬಿಟ್ಟೆ. ಅದೊಂದು ನನ್ನ ಮನಸ್ಸಲ್ಲಿ ಕೊರೀತಾನೇ ಇದೆ."

ನನ್ನಲ್ಲಿ ಕ್ಷಮೆ ಕೇಳುತ್ತಿದ್ದರು! ನಾನು ಏನು ಹೇಳಿದೆ ಗೊತ್ತೆ? 'ಪರವಾಗಿಲ್ಲ ಬಿಡಿ' ಎಂದೆ. ಹನ್ನೊಂದು ವರ್ಷದಲ್ಲಿ ನಾನು ಆಡಿದ ಮಾತುಗಳಲ್ಲಿ ಅದರಷ್ಟು ಹೇಸಿಗೆಯದು ಇನ್ನೊಂದಿಲ್ಲ.

ಪ್ರಬಂಧ ಪ್ರಕಟಿಸಿದವರಿಗೆ ಪತ್ರ ಬರೆದು ಹಿಂದಕ್ಕೆ ತೆಗೆದುಕೊಳ್ಳಿ ಎಂದೆ. ಅದು ಸುಲಭವಾಯಿತು, ಅವರು ದೂರದವರು. ನೇಹಾಗೂ ಬರೆದೆ, ಅವಳು ಇನ್ನೂ ಉತ್ತರ ಕೊಟ್ಟಿಲ್ಲ. ಆಮೇಲೆ ಒಂದು ಶನಿವಾರ ಮಧ್ಯಾಹ್ನ ಟೀಚರ ಮನೆಗೆ ಹೋದೆ. ಸೊಸೆ ಮಾರುಕಟ್ಟೆಗೆ ಹೋಗಿದ್ದಳು. ಸೋಫಾದ ಅಂಚಿಗೆ ಕೂತು ಎಲ್ಲವನ್ನೂ ಹೇಳಿದೆ, ಒಂದೂ ಬಿಡದೆ.

ಟೀಚರು ಕೇಳಿದರು:

"ಹಾಗಾದ್ರೆ ಇಷ್ಟು ವರ್ಷ ನಾನು ಸರಿಯಾಗೇ ಇದ್ನಾ?"

ಹೌದೆಂದೆ. ತಪ್ಪಾಯಿತು ಎಂದು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ತಡೆದರು. ಅದು ಆಮೇಲೆ, ಮೊದಲು ರಘು ಬರಲಿ, ಅಲ್ಲಿವರೆಗೆ ಎದ್ದು ಹೋಗಬೇಡಿ, ನಾನು ಹೇಳಿದರೆ ಇವರು ಯಾರೂ ನಂಬುವುದಿಲ್ಲ ಎಂದರು. ಎರಡು ಗಂಟೆ ಕೂತೆ. ನೀರೂ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಸೊಸೆ ಬಂದಳು, ರಘು ಬಂದ. ನಾನು ಎದ್ದು ನಿಂತು ಮೊದಲಿನಿಂದ ಮತ್ತೆ ಹೇಳಿದೆ, ಈ ಸಲ ಸೊಸೆಗೂ ತಿಳಿಯಲೆಂದು ಹಿಂದಿಯಲ್ಲಿ.

ರಘು ಅಮ್ಮನ ಕಡೆ ತಿರುಗಿದ. ನಿಜವೇ ಎಂದು ಕೇಳಿದ.

"ನಿಜ. ನನಗೆ ಚೆನ್ನಾಗಿ ನೆನಪಿದೆ" ಎಂದರು ಟೀಚರು.

ಅವನು ಕೂಡಲೇ ನನ್ನ ಮುಖ ನೋಡಿದ — ಅಮ್ಮ ಹೇಳುತ್ತಿರುವುದು ಸರಿಯೇ ಎಂದು. ಅದನ್ನು ಅವನಿಗೆ ಅಭ್ಯಾಸ ಮಾಡಿಸಿದವಳು ನಾನೇ.