ಗಲ್ಲಿಗೆ ನುಗ್ಗಿದ ದೊಡ್ಡ ಕಾರು

ಜಪಾನಿನ ಒಕಾಜಾಕಿಯಲ್ಲಿರುವ ಮಗಳು ಏಳು ಸೀಟಿನ ಫೋರ್ ವೀಲ್ ಡ್ರೈವ್ ಕೊಳ್ಳಬೇಕೆಂದಿದ್ದಳು. ನಾನು ನೋಡಿ ಹೂಂ ಅಂದರೆ ಅಂದೇ ಕೊಳ್ಳುವುದು. ಶೋರೂಮಿನಿಂದ ಟೆಸ್ಟ್ ಡ್ರೈವಿಗೆ ತಂದ ಕಾರನ್ನು ಬೆಟ್ಟದ ಕಲ್ಲುದಾರಿಯಲ್ಲಿ ಅವಳೇ ಓಡಿಸಿದಳು. ನಾನು ಬೇಕೆಂದೇ ಕೊನೆಯ ಸಾಲಿನಲ್ಲಿ ಕೂತೆ. ಕಾರಿನ ಬಣ್ಣ ಬಯಲಾಗುವುದು ಅಲ್ಲೇ. ಸೊಂಟ ನೋಯಲಿಲ್ಲ. ಬೆಟ್ಟದಲ್ಲಿ ಪಾಸು.

ಉಳಿದದ್ದು ಅವಳ ಮನೆಯ ಗಲ್ಲಿ. ಅದರ ಬಾಯಲ್ಲಿ ನಿಂತಾಗ, ಮುಂದೆ ಅವಳ ಪಕ್ಕ ಕೂತಿದ್ದ ಶೋರೂಮಿನ ಸೇಲ್ಸ್‌ಮನ್ ಮೋರಿ ಸಾನ್ ತಲೆ ಓರೆ ಮಾಡಿ, ಹಲ್ಲಿನ ಸಂದಿಯಲ್ಲಿ ಉಸಿರೆಳೆದು, "ಚೊತ್ತೊ..." ಎಂದರು.

"ಚೊತ್ತೊ ಅಂದ್ರೆ ಸ್ವಲ್ಪ ಅಂತ ತಾನೇ? ಸ್ವಲ್ಪ ಅಡ್ಜಸ್ಟ್ ಮಾಡಿದ್ರೆ ಆಯ್ತು. ನಡಿ," ಅಂದೆ.

"ಅಪ್ಪಾ, ಇಲ್ಲಿಯವರು ಹಾಗೆ ಎಳೆದು ಹೇಳಿದ್ರೆ ಆಗೋದೇ ಇಲ್ಲ ಅಂತ ಅರ್ಥ."

"ಹಾಗಾದ್ರೆ ಆಗಲ್ಲ ಅಂತ ಬಾಯಿಬಿಟ್ಟು ಹೇಳಲಿ. ನೀನು ನಡಿ."

ಮೋರಿ ಸಾನ್ ಹೇಳಲಿಲ್ಲ. ಕನ್ನಡಿ ಮಡಚಿ, ಇಂಚಿಂಚೇ ಸರಿದು, ಕಾರು ಎರಡು ಗೋಡೆಗಳ ನಡುವಿನ ಅವಳ ಪಾರ್ಕಿಂಗ್ ಜಾಗದಲ್ಲಿ ನಿಂತಿತು. ಎಲ್ಲೂ ಉಜ್ಜಲಿಲ್ಲ.

"ನೋಡಿದ್ಯಾ?" ಅಂದೆ.

ಆದರೆ ಬಾಗಿಲು ತೆಗೆದರೆ ಕೈ ಮಾತ್ರ ಹೊರಗೆ ಹೋಗುತ್ತಿತ್ತು.

ಮಗಳು ಗುಂಡಿ ಒತ್ತಿ ಹಿಂಬಾಗಿಲು ತೆರೆದಳು. ಮೊದಲು ನಾನು ಇಳಿದೆ. ಅವಳು ಸೀಟುಗಳನ್ನು ದಾಟಿ ಬಂದಳು. ಮೋರಿ ಸಾನ್, ಸೀಟು ಕೊಳೆಯಾಗದಿರಲೆಂದು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಸೂಟಿನಲ್ಲೇ ತೆವಳಿ ಬಂದು, ತಲೆಬಾಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು.

"ತಗೊಳ್ಳೋದಾ ಅಪ್ಪಾ?"

"ಬೇಡ."

ಕಾರನ್ನು ಹೊರತೆಗೆಯಲು ಅವರು ಮತ್ತೆ ಹಾಗೆಯೇ ಒಳಗೆ ನುಗ್ಗಿದರು, ಇನ್ನೊಮ್ಮೆ ಕ್ಷಮೆ ಕೇಳಿ. ಹಟ ಹಿಡಿದವನು ನಾನು. ಆದರೆ ಕ್ಷಮೆ ಕೇಳಲು ನನಗೆ ಸರದಿಯೇ ಸಿಗಲಿಲ್ಲ.