ಸೋಲಬೇಕಿದ್ದ ಪಂದ್ಯ

ಹೊನ್ನಾವರದಲ್ಲಿ ನಡೆದ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಲೀಗಿಗೆ ನಾನು ಅಂಕ ಬರೆಯಲು ಹೋಗಿದ್ದೆ. ಅವತ್ತು ಕುಮಟಾ ತಂಡದ ಕೊನೆಯ ಪಂದ್ಯ. ನನ್ನ ಪಕ್ಕ ಕೂತಿದ್ದ ಹೆಂಗಸು ಮಾವಿನಕುರ್ವೆಯವರು. ಆ ತಂಡದಲ್ಲಿದ್ದ ಮಗಳು ನಾಗವೇಣಿಯ ಆಟ ನೋಡಲು ಮೊದಲ ಸಲ ಬಂದಿದ್ದರು.

"ಬಾಲ್ ಕೈಗೆ ಸಿಕ್ಕರೂ ಅವಳು ಎಂತಕೆ ಬುಟ್ಟಿಗೆ ಹಾಕೂದಿಲ್ಲ?" ಎಂದು ಕೇಳಿದರು.

ಕೋಚ್ ಹುಡುಗಿಯರಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಮುಂದಿನ ವರ್ಷಕ್ಕೆ ಹೊಸ ಆಟಗಾರ್ತಿಯರನ್ನು ಆರಿಸುವಾಗ ಕೊನೆಯ ಸ್ಥಾನದ ತಂಡಕ್ಕೇ ಮೊದಲ ಅವಕಾಶ. ಭಟ್ಕಳದ ಒಬ್ಬ ಎತ್ತರದ ಹುಡುಗಿ ಬೇಕೆಂದು ಇವರು ಸೋಲುತ್ತಿದ್ದಾರೆ ಎಂದೆ.

"ಅವಳು ಬಂದರೆ ಆಡೂದು ಯಾರ ಜಾಗದಲ್ಲಿ?"

ಸುಳ್ಳು ಹೇಳಲಾಗಲಿಲ್ಲ. "ನಾಗವೇಣಿ ಜಾಗದಲ್ಲಿ."

ವಿರಾಮದಲ್ಲಿ ಅವರು ಮಗಳನ್ನು ಕರೆದು, ಸೆರಗಿನಿಂದ ಅವಳ ಮುಖ ಒರೆಸಿ, "ಮುಂದಿನ ವರ್ಷದ್ದು ಆಮೇಲೆ ನೋಡುವ. ನಾ ಬಂದದ್ದು ಇವತ್ತು. ಆಡು ಮಗಾ" ಎಂದರು.

"ಆತು ಅಮ್ಮಾ" ಎಂದಳು ನಾಗವೇಣಿ.

ಆಮೇಲೆ ಅವಳ ಅಂಕ ಬರೆದೂ ಬರೆದೂ ನನ್ನ ಕೈ ಸೋತಿತು. ಕುಮಟಾ ಗೆದ್ದಿತು. ಎತ್ತರದ ಹುಡುಗಿ ಬೇರೆ ತಂಡದ ಪಾಲಾದಳು.

ಬಾಯಿಬಿಟ್ಟವನು ನಾನೆಂದು ಆ ಕೋಚ್ ಈಗಲೂ ನನ್ನ ಕಂಡರೆ ಮುಖ ತಿರುಗಿಸುತ್ತಾರೆ. ಗೆದ್ದು ಅಷ್ಟು ನೊಂದವರನ್ನು ನಾನು ಮತ್ತೆ ಕಂಡಿಲ್ಲ.